ಕಾರಿನ ಬಣ್ಣ ಚಕ್ಕೆ ಎದ್ದಿದೆಯೇ? ಮನೆಯಲ್ಲೇ ಸರಿಪಡಿಸುವ ಕ್ರಮ

‘ಬಾನೆಟ್ ಮೇಲೆ ಕಲ್ಲು ಸಿಡಿದು ಚೂರು ಬಣ್ಣ ಎದ್ದುಹೋಗಿದೆ. ಇಷ್ಟಕ್ಕೇ ಇಡೀ ಬಾನೆಟ್‌ಗೆ ಪೇಂಟ್ ಹೊಡೆಸಬೇಕಾ?’ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ‘ಟಚ್‌ಅಪ್ ಬಾಟಲಿ ತಂದು ನಾನೇ ಹಚ್ಚಿದೆ. ಈಗ ಮೊದಲಿಗಿಂತ ಎದ್ದು ಕಾಣುತ್ತಿದೆ. ಏನು ಮಾಡಲಿ?’ ಎರಡಕ್ಕೂ ಸೇರಿಸಿ ಮೊದಲಿಂದ ಕೊನೆಯವರೆಗೆ ಬಿಡಿಸಿ ಹೇಳುತ್ತೇನೆ.

ಮೊದಲನೆಯದಕ್ಕೆ ಉತ್ತರ: ಬೇಕಿಲ್ಲ. ನಾಲ್ಕೈದು ಮಿಲಿಮೀಟರ್ ಅಗಲದೊಳಗಿನ ಚಕ್ಕೆಯನ್ನು ಕೈ ಸ್ವಲ್ಪ ಸ್ಥಿರವಾಗಿರುವ ಯಾರು ಬೇಕಾದರೂ ಮನೆಯಲ್ಲೇ ಸರಿಪಡಿಸಬಹುದು. ಆದರೆ ಕೆಲಸಕ್ಕೆ ಇಳಿಯುವ ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ಈ ರಿಪೇರಿಯ ಮುಖ್ಯ ಉದ್ದೇಶ ತಗಡನ್ನು ತುಕ್ಕಿನಿಂದ ಕಾಪಾಡುವುದು. ಚಂದ ಕಾಣುವುದು ಎರಡನೆಯ ಮಾತು. ತುಕ್ಕು ತಡೆಯುವುದು ಪೂರ್ತಿ ನಿಮ್ಮ ಕೈಯಲ್ಲಿದೆ. ಆದರೆ ಕಣ್ಣು ಹತ್ತಿರ ತಂದು ನೋಡಿದರೂ ಗುರುತು ಸಿಗದಂತೆ ಮಾಡುವುದು ಕುಂಚದ ಕೆಲಸದಲ್ಲಿ ಆಗದ ಮಾತು. ಎರಡು ಮೂರು ಅಡಿ ದೂರದಿಂದ ಹುಡುಕಿದರೂ ಸಿಗಬಾರದು, ಅಷ್ಟನ್ನು ಗುರಿ ಇಟ್ಟುಕೊಳ್ಳಿ. ಅದನ್ನು ಖಂಡಿತ ಸಾಧಿಸಬಹುದು.

ಮೊದಲು ಆಳ ನೋಡಿ

ಕಾರ್ಖಾನೆಯಿಂದ ಬರುವ ಕಾರಿನ ಬಣ್ಣ ಒಂದೇ ಪದರವಲ್ಲ. ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಲೇಪ ಇರುತ್ತದೆ. ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಅದನ್ನು ಕೂರಿಸಿರುತ್ತಾರೆ. ಅದರ ಮೇಲೆ ಪ್ರೈಮರ್, ಅಂದರೆ ಬಣ್ಣ ಹಿಡಿದು ನಿಲ್ಲಲು ಬೇಕಾದ ಅಡಿಪದರ. ನಂತರ ಬೇಸ್ ಕೋಟ್, ನಿಮ್ಮ ಕಣ್ಣಿಗೆ ಕಾಣುವ ಬಣ್ಣ ಇದೇ. ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ. ಹೊಳಪು ಕೊಡುವುದೂ ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಯುವುದೂ ಅದೇ. ಇಷ್ಟೂ ಸೇರಿದರೆ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಅಷ್ಟರಲ್ಲಿ ಬಣ್ಣದ ಪಾಲು ಬರೀ 12ರಿಂದ 20 ಮೈಕ್ರಾನ್, ಕ್ಲಿಯರ್ ಕೋಟ್ ಸುಮಾರು 35ರಿಂದ 50. ಮುಂದೆ ಉಜ್ಜುವ ಹಂತ ಬಂದಾಗ ಈ ಅಂಕಿಗಳನ್ನು ನೆನಪಿಸಿಕೊಳ್ಳಿ.

ಕಾರನ್ನು ನೆರಳಿಗೆ ತಂದು, ಟಾರ್ಚನ್ನು ಓರೆಯಾಗಿ ಹಿಡಿದು ಆ ಜಾಗವನ್ನು ನೋಡಿ. ಭೂತಗನ್ನಡಿ ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿದರೂ ಸಾಕು. ಬಣ್ಣ ಹಾಗೇ ಇದ್ದು ಮೇಲೆ ಮಬ್ಬು ಬಿಳಿ ಮಾತ್ರ ಕಂಡರೆ ಪೆಟ್ಟಾಗಿರುವುದು ಕ್ಲಿಯರ್ ಕೋಟ್‌ಗಷ್ಟೆ. ಬೂದು ಅಥವಾ ಹೊಳಪಿಲ್ಲದ ಬೇರೆ ಬಣ್ಣ ಇಣುಕಿದರೆ ಪ್ರೈಮರ್ ತನಕ ಹೋಗಿದೆ. ಬೆಳ್ಳಗೆ ಮಿನುಗಿದರೆ ಬರಿ ತಗಡು. ಕಂದು ಚುಕ್ಕೆ ಕಂಡರೆ ತುಕ್ಕು ಆಗಲೇ ಕೆಲಸ ಶುರುಮಾಡಿದೆ. ಬಂಪರ್‌ನಲ್ಲಿ ಕಪ್ಪು ಕಂಡರೆ ಗಾಬರಿ ಬೇಡ, ಅದು ಪ್ಲಾಸ್ಟಿಕ್, ತುಕ್ಕು ಹಿಡಿಯುವ ಪ್ರಶ್ನೆಯೇ ಇಲ್ಲ. ಕೆಲವು ಕಾರುಗಳ ಬಾನೆಟ್ ಅಲ್ಯೂಮಿನಿಯಂನದು. ಅಯಸ್ಕಾಂತ ಅಂಟುವುದಿಲ್ಲ, ಕೆಂಪು ತುಕ್ಕಿನ ಬದಲು ಬಿಳಿ ಪುಡಿ ಕಟ್ಟುತ್ತದೆ.

ಇನ್ನೊಂದು ಪರೀಕ್ಷೆ: ಉಗುರನ್ನು ಆ ಜಾಗದ ಮೇಲೆ ಮೆಲ್ಲಗೆ ಎಳೆಯಿರಿ. ತಡೆದರೆ ಅದು ಗುಳಿ, ಈ ಲೇಖನ ಅದಕ್ಕಾಗಿಯೇ. ಉಗುರು ತಡೆಯದೆ ಜಾರಿದರೆ, ಅಥವಾ ಮೇಲಕ್ಕೆ ಉಬ್ಬಿದಂತೆ ಸಿಕ್ಕರೆ, ಅದು ಬಹುಶಃ ಇನ್ನೊಂದು ವಾಹನದ್ದೋ ಗೋಡೆಯದ್ದೋ ಬಣ್ಣ ಮೆತ್ತಿಕೊಂಡಿರುವುದು. ಅದಕ್ಕೆ ಬಣ್ಣ ಹಚ್ಚಬೇಡಿ, ಪಾಲಿಶಿಂಗ್ ಕಾಂಪೌಂಡ್ (ಮೇಲ್ಮೈಯನ್ನು ನವಿರಾಗಿ ಉಜ್ಜಿ ಹೊಳಪು ತರುವ ಲೇಪ) ಹಾಕಿ ಒರೆಸಿದರೆ ಹೋಗುತ್ತದೆ.

ಮನೆಯಲ್ಲಿ ಕೈಹಾಕಬಾರದ ಸಂದರ್ಭಗಳು

ಗುಳಿಯ ಸುತ್ತ ಬಣ್ಣ ಗುಳ್ಳೆಯಂತೆ ಉಬ್ಬಿದ್ದರೆ ತುಕ್ಕು ಬಣ್ಣದ ಅಡಿಯಲ್ಲಿ ಹರಡಿದೆ ಎಂದರ್ಥ. ಮೇಲೆ ಬಣ್ಣ ಹಚ್ಚಿ ಮುಚ್ಚಿದರೆ ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ಇದನ್ನು ಬಾಡಿ ಕೆಲಸ ಗೊತ್ತಿರುವವರಿಗೇ ಬಿಡಿ. ತಗಡು ಒಳಕ್ಕೆ ಕುಸಿದಿದ್ದರೆ, ಬಂಪರ್ ಸೀಳಿದ್ದರೆ, ಕ್ಲಿಯರ್ ಕೋಟ್ ಹಾಳೆ ಹಾಳೆಯಾಗಿ ಸುಲಿಯುತ್ತಿದ್ದರೆ ಕೂಡ ಹಾಗೆಯೇ. ಮ್ಯಾಟ್ ಫಿನಿಶ್, ಅಂದರೆ ಹೊಳಪಿಲ್ಲದ ಬಣ್ಣದ ಕಾರಾದರೆ ಕೊನೆಯ ಉಜ್ಜುವ ಮತ್ತು ಪಾಲಿಶ್ ಮಾಡುವ ಹಂತ ನಿಮಗಲ್ಲ. ಉಜ್ಜಿದ ಕಡೆಯೆಲ್ಲ ಹೊಳೆದು ಕಲೆಯಾಗಿ ಉಳಿಯುತ್ತದೆ, ಅದನ್ನು ವಾಪಸ್ ಮಂಕು ಮಾಡಲು ಬರುವುದಿಲ್ಲ.

ಹೊಸ ಕಾರುಗಳಿಗೆ ಸಂಬಂಧಿಸಿದ ಒಂದು ಎಚ್ಚರಿಕೆ: ಮುಂದಿನ ವಾಹನದ ದೂರ ಅಳೆಯುವ ರಾಡಾರ್ ಕೆಲವು ಮಾದರಿಗಳಲ್ಲಿ ಬಂಪರ್‌ನ ಹಿಂದೆ ಅಡಗಿರುತ್ತದೆ. ಅದರ ಎದುರಿನ ಜಾಗಕ್ಕೆ ಹೆಚ್ಚುವರಿ ಬಣ್ಣ ಬಿದ್ದರೆ ಸಂವೇದಕದ ಕೆಲಸಕ್ಕೆ ಅಡ್ಡಿಯಾಗಬಹುದು. ರಾಡಾರ್ ಎಲ್ಲಿದೆ ಎಂದು ಕಾರಿನ ಕೈಪಿಡಿಯಲ್ಲಿ ನೋಡಿಕೊಂಡು ಆ ಭಾಗವನ್ನು ಬಿಟ್ಟುಬಿಡಿ.

ಬಣ್ಣದ ಕೋಡ್ ಹುಡುಕುವುದು

ಅರ್ಧ ಸೋಲು ಅಂಗಡಿಯಲ್ಲೇ ಆಗುತ್ತದೆ. ‘ಬಿಳಿ ಕಾರು, ಬಿಳಿ ಬಣ್ಣ ಕೊಡಿ’ ಎಂದರೆ ಸಿಗುವ ಬಿಳಿ ನಿಮ್ಮ ಕಾರಿನ ಬಿಳಿಯಾಗಿರುವುದಿಲ್ಲ. ಒಂದೇ ಕಂಪನಿ ಹತ್ತಾರು ಬಿಳಿಗಳನ್ನು ಮಾಡಿರುತ್ತದೆ. ನಿಮಗೆ ಬೇಕಾದದ್ದು ಬಣ್ಣದ ಹೆಸರಲ್ಲ, ಕೋಡ್.

ಇದು ಅಂಕಿ ಅಕ್ಷರಗಳ ಚಿಕ್ಕ ಗುರುತು. ಚಾಲಕನ ಬಾಗಿಲು ತೆರೆದಾಗ ಕಾಣುವ ಕಂಬದ ಮೇಲಿನ ಪಟ್ಟಿಯಲ್ಲಿ, ಬಾನೆಟ್ ಒಳಗಿನ ತಗಡಿನ ಫಲಕದಲ್ಲಿ, ಇಲ್ಲವೇ ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಜಾಗದ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಟೊಯೊಟಾ ಕಾರುಗಳ ಪಟ್ಟಿಯಲ್ಲಿ ‘ಸಿ/ಟಿಆರ್’ ಎಂಬ ಸಾಲಿನ ಮೊದಲ ಭಾಗವೇ ಬಣ್ಣದ ಕೋಡ್, ಎರಡನೆಯದು ಒಳಾಂಗಣದ್ದು. ಅಂಗಡಿಗೆ ಹೋದಾಗ ಈ ಎರಡನೆಯದನ್ನು ಹೇಳಿ ತಪ್ಪು ಬಾಟಲಿ ತರುವವರಿದ್ದಾರೆ. ಪಟ್ಟಿಯ ಫೋಟೊ ತೆಗೆದುಕೊಂಡು ಹೋಗುವುದು ಕ್ಷೇಮ. ಕಾರಿನ ತಯಾರಿಕೆಯ ವರ್ಷವನ್ನೂ ಹೇಳಿ.

ಬಣ್ಣ ಯಾವ ಬಗೆಯದು ಎಂಬುದೂ ಗೊತ್ತಿರಬೇಕು. ಸಾಲಿಡ್ ಎಂದರೆ ಬರಿ ಬಣ್ಣ, ಮಿನುಗಿಲ್ಲ. ಮನೆಯಲ್ಲಿ ಮಾಡುವವರಿಗೆ ಇದೇ ಸುಲಭ. ಮೆಟಾಲಿಕ್‌ನಲ್ಲಿ ಅಲ್ಯೂಮಿನಿಯಂನ ಸಣ್ಣ ಹರಳುಗಳು ಬೆರೆತಿರುತ್ತವೆ. ಕಾರ್ಖಾನೆಯಲ್ಲಿ ಸ್ಪ್ರೇ ಮಾಡಿದಾಗ ಆ ಹರಳುಗಳು ಬಹುಪಾಲು ಮಟ್ಟಸವಾಗಿ ಮಲಗುತ್ತವೆ, ಕುಂಚದಲ್ಲಿ ಹಚ್ಚಿದಾಗ ಅಡ್ಡಾದಿಡ್ಡಿ ನಿಲ್ಲುತ್ತವೆ. ಆದ್ದರಿಂದ ಕೋಡ್ ಸರಿಯಾಗಿದ್ದರೂ ಒಂದು ಕೋನದಿಂದ ಸರಿಯಾಗಿ, ಇನ್ನೊಂದು ಕೋನದಿಂದ ಕಪ್ಪಗೆ ಕಾಣಬಹುದು. ಇದು ಬಣ್ಣದ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ಬೆಳ್ಳಿ ಬಣ್ಣದ ಕಾರಿನಲ್ಲಿ ಇದು ಹೆಚ್ಚು ಗೊತ್ತಾಗುತ್ತದೆ. ಪರ್ಲ್ ಬಣ್ಣಗಳಲ್ಲಿ, ಅದರಲ್ಲೂ ಪರ್ಲ್ ಬಿಳಿಯಲ್ಲಿ, ಅನೇಕ ವೇಳೆ ಎರಡು ಬಾಟಲಿ ಬೇಕು: ತಳದ ಬಣ್ಣ ಒಂದು, ಅದರ ಮೇಲೆ ಮುತ್ತಿನ ಹೊಳಪು ಕೊಡುವ ಪದರ ಇನ್ನೊಂದು. ಒಂದನ್ನೇ ತಂದು ‘ಬಣ್ಣ ಹೊಂದುತ್ತಿಲ್ಲ’ ಎಂದು ಕೈಬಿಟ್ಟವರು ಬಹಳ.

ಏನೇನು ಬೇಕು

ಟಚ್‌ಅಪ್ ಬಣ್ಣ, ಪ್ರೈಮರ್, ಕ್ಲಿಯರ್ ಕೋಟ್ ಮೂರನ್ನೂ ಒಂದೇ ತಯಾರಕರ ಸೆಟ್ ಆಗಿ ತನ್ನಿ. ಬೇರೆ ಬೇರೆ ಕಡೆಯವು ಕೂಡಿದರೆ ಮೇಲಿನದು ಕೆಳಗಿನದನ್ನು ಕರಗಿಸಿ ಸುಕ್ಕುಗಟ್ಟಿಸಬಹುದು. ಇವುಗಳ ಜೊತೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ (ಜಿಡ್ಡು ತೆಗೆಯಲು), ಚಿತ್ರಕಲೆಗೆ ಬಳಸುವ ತೀರ ಸಣ್ಣ ಕುಂಚ, ಮರದ ಹಲ್ಲುಕಡ್ಡಿಗಳು, ಸೂಜಿ, ಮಾಸ್ಕಿಂಗ್ ಟೇಪ್, ಎರಡು ಮೂರು ಮೈಕ್ರೋಫೈಬರ್ ಬಟ್ಟೆ, ನೈಟ್ರೈಲ್ ಕೈಗವಸು ಇರಲಿ. ತುಕ್ಕು ಕಂಡಿದ್ದರೆ ರಸ್ಟ್ ಕನ್ವರ್ಟರ್ (ತುಕ್ಕು ಮುಂದೆ ಹರಡದಂತೆ ಮಾರ್ಪಡಿಸುವ ದ್ರವ) ಬೇಕು. ಕೊನೆಯ ಹಂತಕ್ಕೆ 2000 ಮತ್ತು 3000 ಗ್ರಿಟ್‌ನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ, ಸಂಖ್ಯೆ ಹೆಚ್ಚಿದಷ್ಟೂ ನುಣುಪು) ಮತ್ತು ಪಾಲಿಶಿಂಗ್ ಕಾಂಪೌಂಡ್.

ಬಾಟಲಿಯ ಮುಚ್ಚಳಕ್ಕೇ ಅಂಟಿಕೊಂಡು ಬರುವ ಕುಂಚವನ್ನು ಬಳಸಬೇಡಿ. ಅದು ಎರಡು ಮಿಲಿಮೀಟರ್ ಗುಳಿಗೆ ಹತ್ತರಷ್ಟು ಬಣ್ಣ ಸುರಿಯುತ್ತದೆ. ‘ಮೊದಲಿಗಿಂತ ಎದ್ದು ಕಾಣುತ್ತಿದೆ’ ಎಂಬ ದೂರಿನ ಹಿಂದೆ ಬಹುತೇಕ ಸಲ ಇರುವುದು ಆ ಕುಂಚವೇ.

ಎರಡು ಭಾಗ ಬೆರೆಸಿ ಬಳಸುವ ‘2ಕೆ’ ಕ್ಲಿಯರ್ ಕೋಟ್ ಗಟ್ಟಿ ನಿಲ್ಲುತ್ತದೆ ಎಂಬ ಸಲಹೆ ನಿಮ್ಮ ಕಿವಿಗೆ ಬಿದ್ದಿರಬಹುದು. ಅದರ ಗಟ್ಟಿಗೊಳಿಸುವ ಭಾಗದಲ್ಲಿ ಐಸೊಸಯನೇಟ್ ಇರುತ್ತದೆ. ಅದು ಉಸಿರಿನ ಜೊತೆ ಒಳಹೋದರೆ ಆಸ್ತಮಾ ತರಬಲ್ಲದು. ಧೂಳಿಗೆ ಕಟ್ಟುವ ಮಾಸ್ಕ್ ಅದನ್ನು ತಡೆಯುವುದಿಲ್ಲ. ಸಣ್ಣ ಚಕ್ಕೆಗೆ ಅದರ ಅಗತ್ಯವೂ ಇಲ್ಲ.

ಇನ್ನು ಕೆಲಸ. ಬಿಸಿಲಿಲ್ಲದ, ಗಾಳಿಯಾಡುವ, ಧೂಳು ಏಳದ ಜಾಗ ಆರಿಸಿ. ತಗಡನ್ನು ಕೈಯಲ್ಲಿ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಆರಲು ಬಿಡಿ. ಬಿಸಿ ತಗಡಿನ ಮೇಲೆ ಬಣ್ಣದ ಮೇಲ್ಮೈ ಮೊದಲೇ ಒಣಗಿ ಒಳಗೆ ಹಸಿ ಉಳಿಯುತ್ತದೆ. ಮಳೆಯ ತೇವ ತುಂಬಿದ ದಿನವೂ ಬೇಡ, ಕ್ಲಿಯರ್ ಕೋಟ್ ಮಬ್ಬಾಗುತ್ತದೆ. 15ರಿಂದ 30 ಡಿಗ್ರಿ ಸೆಲ್ಸಿಯಸ್ ನಡುವಿನ ಒಣ ಹವೆ ಒಳ್ಳೆಯದು. ಹತ್ತಿರದಲ್ಲಿ ಬೆಂಕಿ, ಸಿಗರೇಟು ಇರಕೂಡದು. ಆಲ್ಕೊಹಾಲ್, ಬಣ್ಣ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ ಹೊರಗೆ ಹರಡಿ ಒಣಗಿಸಿ.

1. ತೊಳೆದು ಜಿಡ್ಡು ತೆಗೆಯುವುದು

ಕಾರು ತೊಳೆಯುವ ಶಾಂಪೂ ಹಾಕಿ ತೊಳೆದು ಪೂರ್ತಿ ಒಣಗಿಸಿ. ಬಳಿಕ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಗುಳಿಯನ್ನೂ ಅದರ ಸುತ್ತಲಿನ ನಾಲ್ಕೈದು ಅಂಗುಲವನ್ನೂ ಒರೆಸಿ. ಹಳೆಯ ವ್ಯಾಕ್ಸ್ ಉಳಿದರೆ ಹೊಸ ಬಣ್ಣ ಅಂಟದೆ ತಿಂಗಳೊಪ್ಪತ್ತಿನಲ್ಲಿ ಕಳಚಿ ಬೀಳುತ್ತದೆ. ಒರೆಸಿದ ಮೇಲೆ ಬೆರಳು ತಾಗಿಸಬೇಡಿ, ಬೆರಳಿನಲ್ಲೂ ಜಿಡ್ಡಿದೆ.

2. ಸಡಿಲ ಬಣ್ಣ ಬಿಡಿಸುವುದು

ಗುಳಿಯ ಅಂಚಿನಲ್ಲಿ ಅಂಟೂ ಅಂಟದಂತೆ ನಿಂತಿರುವ ಬಣ್ಣವನ್ನು ಹಲ್ಲುಕಡ್ಡಿಯಿಂದ ಮೆಲ್ಲಗೆ ಎತ್ತಿ. ಬಾರದಿದ್ದರೆ ಮಾತ್ರ ಸೂಜಿ. ಗಟ್ಟಿಯಾಗಿ ಕೂತಿರುವುದನ್ನು ಕೆದಕಬೇಡಿ. ಗುಳಿ ಸ್ವಲ್ಪ ದೊಡ್ಡದಾದಂತೆ ಕಂಡರೆ ಚಿಂತೆ ಬೇಡ, ಬೀಳಲಿದ್ದದ್ದು ಈಗಲೇ ಬಿದ್ದಿದೆ ಅಷ್ಟೆ.

3. ತುಕ್ಕು

ಹೆಚ್ಚಿನವರು ಅವಸರ ಮಾಡುವುದು ಇಲ್ಲೇ, ರಿಪೇರಿ ಬಾಳುವುದು ಬಿಡುವುದು ನಿರ್ಧಾರವಾಗುವುದೂ ಇಲ್ಲೇ. ಕಂದು ಕಂಡರೆ ಅದನ್ನು ಸೂಜಿಯ ತುದಿಯಿಂದ ಕೆರೆಯಿರಿ, ಅಥವಾ ಫೈಬರ್‌ಗ್ಲಾಸ್ ಪೆನ್ ಬಳಸಿ. ಇದು ಗಾಜಿನ ಎಳೆಗಳ ಕಂತೆಯಿರುವ ಪೆನ್ನು, ಕೆರೆಯುತ್ತಾ ಹೋದಂತೆ ಎಳೆಗಳು ಮುರಿದು ಉದುರುತ್ತವೆ. ಅವು ಚರ್ಮಕ್ಕೆ ಚುಚ್ಚಿದರೆ ತೆಗೆಯುವುದು ಕಷ್ಟ. ಕೈಗವಸು ಹಾಕಿಕೊಳ್ಳಿ, ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ.

ತಗಡು ಬೆಳ್ಳಗೆ ಹೊಳೆಯುವವರೆಗೆ ಕೆರೆದರೆ ಉತ್ತಮ. ಮೂಲೆಯಲ್ಲಿ ಒಂದೆರಡು ಕಂದು ಚುಕ್ಕೆ ಉಳಿದೇ ಉಳಿದರೆ ರಸ್ಟ್ ಕನ್ವರ್ಟರನ್ನು ಹಲ್ಲುಕಡ್ಡಿಯ ತುದಿಯಲ್ಲಿ ಒಂದು ಬಿಂದು ಇಡಿ. ಅದರಲ್ಲಿರುವ ಟ್ಯಾನಿಕ್ ಆಮ್ಲವೋ ಫಾಸ್ಫಾರಿಕ್ ಆಮ್ಲವೋ ತುಕ್ಕಿನೊಡನೆ ಸೇರಿ ಅದನ್ನು ಗಟ್ಟಿಯಾದ, ಮುಂದೆ ಹರಡದ ಪದಾರ್ಥವಾಗಿ ಮಾರ್ಪಡಿಸುತ್ತದೆ. ಟ್ಯಾನಿಕ್ ಆಮ್ಲದ್ದಾದರೆ ಕಂದು ಹೋಗಿ ಕಪ್ಪಾಗುವುದು ಕಣ್ಣಿಗೇ ಕಾಣುತ್ತದೆ. ಕನ್ವರ್ಟರ್ ಕೆಲಸ ಮಾಡುವುದು ತುಕ್ಕಿನ ಮೇಲೆ ಮಾತ್ರ, ಬೆಳ್ಳಗಿರುವ ತಗಡಿಗೆ ಅದನ್ನು ಹಚ್ಚಿ ಪ್ರಯೋಜನವಿಲ್ಲ. ಸುತ್ತಲಿನ ಒಳ್ಳೆಯ ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ಒರೆಸಿ. ಎಷ್ಟು ಹೊತ್ತು ಬಿಡಬೇಕು, ನಂತರ ತೊಳೆಯಬೇಕೇ ಎಂಬುದು ಒಂದೊಂದರಲ್ಲಿ ಒಂದೊಂದು ಥರ, ಬಾಟಲಿಯ ಮೇಲಿನ ಸೂಚನೆಯನ್ನೇ ಪಾಲಿಸಿ.

ಮುಂದಿನ ಗಾಜಿನ ಮೇಲಂಚು, ಅಂದರೆ ವಿಂಡ್‌ಶೀಲ್ಡ್ ಮತ್ತು ಛಾವಣಿ ಸೇರುವ ಕಡೆ, ಚಕ್ರದ ಕಮಾನಿನ ಒಳಅಂಚು, ಬಾಗಿಲುಗಳ ತುದಿ: ಈ ಮೂರು ಜಾಗಗಳಲ್ಲಿ ನೀರು ನಿಲ್ಲುವುದರಿಂದ ತುಕ್ಕು ಬೇಗ ಬರುತ್ತದೆ. ಬಾನೆಟ್ ಮೇಲಿನ ಚಕ್ಕೆ ಕಣ್ಣಿಗೆ ಕಾಣುತ್ತದೆಂದು ಅದನ್ನೇ ಮೊದಲು ಮಾಡಲು ಹೋಗಬೇಡಿ, ಕಾಣದ ಈ ಮೂರನ್ನು ಮೊದಲು ನೋಡಿ.

4. ಪ್ರೈಮರ್

ತಗಡು ಕಂಡಿದ್ದರೆ ಪ್ರೈಮರ್ ಬೇಕೇ ಬೇಕು. ಹಳೆಯ ಪ್ರೈಮರ್ ಅಖಂಡವಾಗಿ ಉಳಿದಿದ್ದರೆ ಈ ಹಂತ ಬಿಡಬಹುದು. ಬಂಪರ್‌ನಲ್ಲಿ ಬರಿ ಪ್ಲಾಸ್ಟಿಕ್ ಕಂಡಿದ್ದರೆ ಸಾಮಾನ್ಯ ಪ್ರೈಮರ್ ಅಂಟುವುದು ಕಷ್ಟ, ಪ್ಲಾಸ್ಟಿಕ್‌ಗೆಂದೇ ಇರುವುದನ್ನು ಕೇಳಿ ತನ್ನಿ.

ಮತ್ತೊಮ್ಮೆ ಆಲ್ಕೊಹಾಲ್‌ನಲ್ಲಿ ಒರೆಸಿ ಒಣಗಿದ ಮೇಲೆ, ಹಲ್ಲುಕಡ್ಡಿಯ ತುದಿಯನ್ನು ಪ್ರೈಮರ್‌ನಲ್ಲಿ ಅದ್ದಿ ಗುಳಿಯ ನಡುವೆ ತಾಗಿಸಿ. ಅದು ತಾನೇ ಹರಿದು ಅಂಚಿನವರೆಗೆ ಹೋಗುತ್ತದೆ. ತಗಡು ಮುಚ್ಚಿದರೆ ಸಾಕು, ತುಂಬಿಸಬೇಡಿ. ಬಣ್ಣಕ್ಕೂ ಕ್ಲಿಯರ್ ಕೋಟ್‌ಗೂ ಜಾಗ ಉಳಿಯಬೇಕು. ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಲು ಬಿಡಿ, ಒಂದು ಗಂಟೆಗಿಂತ ಕಡಿಮೆ ಬೇಡ.

5. ಬಣ್ಣ ಪರೀಕ್ಷಿಸುವುದು

ಬಾಟಲಿಯನ್ನು ಎರಡು ಮೂರು ನಿಮಿಷ ಚೆನ್ನಾಗಿ ಅಲ್ಲಾಡಿಸಿ. ಮೆಟಾಲಿಕ್ ಆದರೆ ಇನ್ನೂ ಹೆಚ್ಚು, ಏಕೆಂದರೆ ಹರಳುಗಳು ತಳದಲ್ಲಿ ಕೂತಿರುತ್ತವೆ. ಬಾಟಲಿಯೊಳಗಿನ ಗುಂಡು ಸದ್ದು ಮಾಡಿದ ಮೇಲೆಯೇ ಲೆಕ್ಕ ಶುರು. ಬಳಿಕ ಬಿಳಿ ಕಾರ್ಡಿನ ತುಂಡಿಗೆ ಚೂರು ಹಚ್ಚಿ, ಒಣಗಿಸಿ, ಮೇಲೆ ಕ್ಲಿಯರ್ ಕೋಟ್ ಕೂಡ ಹಚ್ಚಿ ಕಾರಿನ ಪಕ್ಕ ಹಿಡಿದು ಹಗಲು ಬೆಳಕಿನಲ್ಲಿ ನೋಡಿ. ಹಸಿಯಿದ್ದಾಗ ಕಾಣುವ ಬಣ್ಣ ಬೇರೆ, ಒಣಗಿದಾಗ ಬೇರೆ, ಕ್ಲಿಯರ್ ಕೋಟ್ ಬಿದ್ದ ಮೇಲೆ ಮತ್ತೊಂದು. ಬಾಟಲಿಯ ಮುಚ್ಚಳದ ಬಣ್ಣ ನೋಡಿ ತೀರ್ಮಾನಿಸಬೇಡಿ. ಹಳೆಯ ಕಾರಾದರೆ ಬಿಸಿಲಿಗೆ ಬಣ್ಣ ಮಾಸಿರುತ್ತದೆ, ತುಸು ವ್ಯತ್ಯಾಸ ಸಹಜ.

6. ಬಣ್ಣ ತುಂಬುವುದು

ಈ ಹಂತದಲ್ಲಿ ಬೇಕಾದದ್ದು ತಾಳ್ಮೆ. ದ್ರವ ಬಣ್ಣದಲ್ಲಿ ಬಹುಪಾಲು ಆವಿಯಾಗಿ ಹೋಗುವ ಅಂಶವೇ. ಗುಳಿಯನ್ನು ಮಟ್ಟಕ್ಕೆ ತುಂಬಿಸಿದರೂ ಒಣಗಿದ ಮೇಲೆ ಮತ್ತೆ ತಗ್ಗಾಗುತ್ತದೆ. ಅದನ್ನು ಕಂಡು ಒಮ್ಮೆಗೇ ಉಬ್ಬುವಂತೆ ಹಾಕಿದರೆ ಮೇಲೆ ಪೊರೆ ಕಟ್ಟಿ ಒಳಗೆ ದಿನಗಟ್ಟಲೆ ಹಸಿ ಉಳಿಯುತ್ತದೆ. ಕೊನೆಗೆ ಅದು ಕುಗ್ಗಿ ಬಿರಿಯುತ್ತದೆ, ಇಲ್ಲವೇ ಬಟ್ಟೆ ತಾಗಿದಾಗ ಇಡಿಯಾಗಿ ಕಿತ್ತು ಬರುತ್ತದೆ. ಹಾಗಾಗಿ ತೆಳ್ಳಗೆ ಹಚ್ಚಬೇಕು, ಒಣಗಿಸಬೇಕು, ಮತ್ತೆ ಹಚ್ಚಬೇಕು.

ಬಾಟಲಿಯಿಂದ ಒಂದೆರಡು ಹನಿಯನ್ನು ಮುಚ್ಚಳದಲ್ಲೋ ಲೋಹದ ತಟ್ಟೆಯಲ್ಲೋ ತೆಗೆದುಕೊಳ್ಳಿ. ಕುಂಚದ ತುದಿಯನ್ನಷ್ಟೇ ಅದ್ದಿ ಅಂಚಿಗೆ ಒತ್ತಿ ಹೆಚ್ಚಿನದನ್ನು ಇಳಿಸಿ. ಕೈಯ ಕಿರುಬೆರಳನ್ನು ತಗಡಿಗೆ ಆನಿಸಿಕೊಂಡರೆ ಕೈ ನಡುಗುವುದಿಲ್ಲ. ಆ ಬೆರಳಿನ ಕೆಳಗೆ ಒಂದು ಸ್ವಚ್ಛ ಬಟ್ಟೆ ಇರಲಿ. ಕುಂಚವನ್ನು ಗುಳಿಯ ನಡುವಿಗೆ ತಾಗಿಸಿ ಬಣ್ಣವನ್ನು ಇಳಿಯಲು ಬಿಡಿ, ಗೋಡೆಗೆ ಬಳಿದಂತೆ ಎಳೆಯಬೇಡಿ. ಬಣ್ಣ ಗುಳಿಯ ಅಂಚಿಗೆ ಬಂದು ನಿಲ್ಲುವುದು ನಿಮಗೆ ಕಾಣಿಸುತ್ತದೆ. ಅಂಚು ದಾಟಿತೋ, ಸುತ್ತಲಿನ ಬಣ್ಣದ ಮೇಲೆ ಉಂಗುರವಾಗಿ ಕೂರುತ್ತದೆ. ಗುಳಿ ಒಂದು ಮಿಲಿಮೀಟರಿಗಿಂತ ಸಣ್ಣದಾದರೆ ಕುಂಚಕ್ಕಿಂತ ಹಲ್ಲುಕಡ್ಡಿಯೇ ವಾಸಿ.

ಬಾಗಿಲಿನಂಥ ನೆಟ್ಟಗಿರುವ ಜಾಗದಲ್ಲಿ ಬಣ್ಣ ಕೆಳಗಿಳಿಯುತ್ತದೆ. ಅಲ್ಲಿ ಇನ್ನೂ ತೆಳ್ಳಗೆ, ಗುಳಿಯ ಮೇಲಂಚಿನಿಂದ ಶುರುಮಾಡಿ.

ಒಂದು ಪದರಕ್ಕೂ ಇನ್ನೊಂದಕ್ಕೂ ನಡುವೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ. ಮೂರು ನಾಲ್ಕು ಪದರ ಸಾಮಾನ್ಯ, ಆಳದ ಗುಳಿಗೆ ಹೆಚ್ಚೂ ಆಗಬಹುದು. ಹೇರ್ ಡ್ರೈಯರ್ ಹಿಡಿದು ಒಣಗಿಸುವ ಆಸೆ ಬೇಡ, ಗುಳ್ಳೆ ಏಳುತ್ತದೆ. ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ತಗ್ಗಿರುವಾಗಲೇ ಬಣ್ಣ ನಿಲ್ಲಿಸಿ.

ಪದರ ತಪ್ಪಿ ಹರಡಿದರೆ ಹಸಿಯಿರುವಾಗಲೇ ಆಲ್ಕೊಹಾಲ್ ಬಟ್ಟೆಯಿಂದ ಒರೆಸಿ ಮತ್ತೆ ಶುರುಮಾಡಿ. ಕಾರ್ಖಾನೆಯ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿರುತ್ತಾರೆ, ಒಮ್ಮೆ ಹೀಗೆ ಒರೆಸಿದ್ದಕ್ಕೆ ಅದು ಜಗ್ಗುವುದಿಲ್ಲ. ಆದರೆ ಆ ಭಾಗಕ್ಕೆ ಹಿಂದೆ ಯಾವಾಗಲಾದರೂ ಮರುಬಣ್ಣ ಹೊಡೆಸಿದ್ದರೆ ಅಷ್ಟು ಗಟ್ಟಿ ಇರುವ ಭರವಸೆ ಇಲ್ಲ. ಮೊದಲು ಬಾಗಿಲಿನ ಒಳಅಂಚಿನಂಥ ಕಾಣದ ಕಡೆ ಒರೆಸಿ ನೋಡಿ.

7. ಕ್ಲಿಯರ್ ಕೋಟ್

ಬಣ್ಣ ಕನಿಷ್ಠ ಕೆಲವು ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ಒಣಗಲಿ. ಕ್ಲಿಯರ್ ಕೋಟ್ ಹಚ್ಚುವ ರೀತಿ ಬಣ್ಣದ್ದೇ: ತೆಳ್ಳಗೆ, ಎರಡು ಮೂರು ಸಲ. ವ್ಯತ್ಯಾಸ ಒಂದೇ, ಇದು ಅಂಚಿಗಿಂತ ತುಸು ಮೇಲೆ ಬಂದು ನಿಲ್ಲಬೇಕು. ಉಜ್ಜಿ ಮಟ್ಟ ಮಾಡುವಾಗ ಹೋಗುವುದು ಈ ಹೆಚ್ಚಿನ ಭಾಗ. ಬಣ್ಣದ ಪದರವೇ ಮೇಲೆದ್ದು ನಿಂತಿದ್ದರೆ ಉಜ್ಜಿದಾಗ ಬಣ್ಣವೇ ಹೋಗುತ್ತದೆ. ಮೆಟಾಲಿಕ್‌ನಲ್ಲಂತೂ ಹರಳುಗಳು ಉಜ್ಜಿ ಕಪ್ಪು ಕಲೆಯಾಗುತ್ತದೆ.

ಹಳೆಯ ಮಾದರಿಯ ಕೆಲವು ಸಾಲಿಡ್ ಬಣ್ಣಗಳಲ್ಲಿ ಕ್ಲಿಯರ್ ಕೋಟ್ ಇರುವುದಿಲ್ಲ. ಬಿಳಿ ಬಟ್ಟೆಗೆ ಚೂರು ಪಾಲಿಶ್ ಹಾಕಿ ಕಾಣದ ಜಾಗದಲ್ಲಿ ಉಜ್ಜಿ ನೋಡಿ, ಬಟ್ಟೆಗೆ ಕಾರಿನ ಬಣ್ಣ ಬಂದರೆ ನಿಮ್ಮದು ಅಂಥದ್ದು. ಆಗ ಈ ಹಂತ ಬೇಡ, ಬಣ್ಣವನ್ನೇ ಮಟ್ಟಕ್ಕಿಂತ ತುಸು ಮೇಲೆ ತನ್ನಿ.

8. ಕಾಯುವುದು

ಮುಟ್ಟಿದರೆ ಅಂಟದಿರುವುದು ಬೇರೆ, ಒಳಗಿನವರೆಗೆ ಗಟ್ಟಿಯಾಗುವುದು ಬೇರೆ. ಕನಿಷ್ಠ ಒಂದು ದಿನ ಬಿಡಲೇಬೇಕು. ಒಂದು ವಾರ ಬಿಟ್ಟರೆ ಮುಂದಿನ ಹಂತದಲ್ಲಿ ಕೈಕೊಡುವುದಿಲ್ಲ. ಈ ನಡುವೆ ಕಾರು ಓಡಿಸಬಹುದು, ಆದರೆ ಒತ್ತಡದ ನೀರು ಹೊಡೆದು ತೊಳೆಸಬೇಡಿ.

9. ಮಟ್ಟ ಮಾಡುವುದು

ಮೊದಲು ಕೇಳಿಕೊಳ್ಳಿ: ಇದು ಬೇಕೇ? ತುಕ್ಕಿನ ದಾರಿ ಆಗಲೇ ಮುಚ್ಚಿದೆ. ಎರಡು ಮೂರು ಅಡಿ ದೂರದಿಂದ ಕಾಣದಿದ್ದರೆ ಇಲ್ಲಿಗೇ ನಿಲ್ಲಿಸುವುದು ಒಳ್ಳೆಯ ನಿರ್ಧಾರ. ಇಡೀ ಕೆಲಸದಲ್ಲಿ ಇದ್ದದ್ದನ್ನು ಕೆಡಿಸುವ ಸಾಧ್ಯತೆ ಇರುವುದು ಈ ಒಂದು ಹಂತದಲ್ಲಿ ಮಾತ್ರ. ಸುತ್ತಲಿನ ಕ್ಲಿಯರ್ ಕೋಟ್ ಇರುವುದೇ 35ರಿಂದ 50 ಮೈಕ್ರಾನ್ ಎಂದು ಮೇಲೆ ಹೇಳಿದ್ದೆ. ಉಜ್ಜಿದಷ್ಟೂ ಅದು ಸವೆಯುತ್ತದೆ, ಒಮ್ಮೆ ತೂತಾದರೆ ಟಚ್‌ಅಪ್‌ನಿಂದ ಸರಿಯಾಗದು.

ಬೇಕೆನಿಸಿದರೆ ಹೀಗೆ ಮಾಡಿ. ಮಾಸ್ಕಿಂಗ್ ಟೇಪಿನಲ್ಲಿ ಗುಳಿಯಷ್ಟೇ ಅಗಲದ ರಂಧ್ರ ಮಾಡಿ, ರಿಪೇರಿ ಮಾತ್ರ ಕಾಣುವಂತೆ ಅಂಟಿಸಿ. 2000 ಗ್ರಿಟ್ ವಾಟರ್ ಪೇಪರ್ ಅನ್ನು ಸಣ್ಣ ವೃತ್ತವಾಗಿ ಕತ್ತರಿಸಿ ಪೆನ್ಸಿಲ್‌ನ ರಬ್ಬರ್ ತುದಿಗೆ ಅಂಟಿಸಿ, ಹತ್ತು ನಿಮಿಷ ಸಾಬೂನು ನೀರಿನಲ್ಲಿ ನೆನೆಸಿ. ಬೆರಳ ತುದಿಯಲ್ಲಿ ಕಾಗದ ಹಿಡಿದು ಉಜ್ಜಿದರೆ ಒತ್ತಡ ಒಂದೇ ಸಮ ಬೀಳುವುದಿಲ್ಲ, ಪಕ್ಕದ ಬಣ್ಣ ತಗ್ಗಾಗುತ್ತದೆ. ಉಬ್ಬಿನ ಮೇಲೆ ನೀರು ಹಾಕುತ್ತಾ, ಪೆನ್ಸಿಲ್‌ನ ಭಾರಕ್ಕಿಂತ ತುಸು ಹೆಚ್ಚು ಒತ್ತಿ ನಾಲ್ಕಾರು ಸಲ ಆಡಿಸಿ, ಒರೆಸಿ, ನೋಡಿ. ನೀರು ಹಾಲಿನಂತೆ ಬೆಳ್ಳಗಾದರೆ ಕ್ಲಿಯರ್ ಕೋಟ್ ಮಾತ್ರ ಹೋಗುತ್ತಿದೆ. ಅದರಲ್ಲಿ ಕಾರಿನ ಬಣ್ಣ ಕಂಡ ಕ್ಷಣ ಕೈ ನಿಲ್ಲಿಸಿ. ಬಿಳಿ ಕಾರಿನಲ್ಲಿ ಈ ಸೂಚನೆ ಸಿಗುವುದಿಲ್ಲ, ಹಾಗಾಗಿ ಪ್ರತಿ ಸಲ ಒರೆಸಿದಾಗಲೂ ಉಬ್ಬನ್ನೇ ನೋಡುತ್ತಿರಿ.

ಉಬ್ಬು ಬಹುತೇಕ ಇಳಿದ ಮೇಲೆ ಟೇಪ್ ತೆಗೆದು, 3000 ಗ್ರಿಟ್‌ನಿಂದ ಇನ್ನಷ್ಟು ಹಗುರವಾಗಿ ಸುತ್ತಲಿನೊಡನೆ ಬೆರೆಸಿ. ಬಾಗಿಲಿನ ತುದಿ, ಬಾನೆಟ್‌ನ ಮಡಿಕೆ ಗೆರೆ ಇಂಥ ಏಣುಗಳ ಮೇಲೆ ಉಜ್ಜಲೇಬೇಡಿ, ಅಲ್ಲಿ ಬಣ್ಣ ಎಲ್ಲಕ್ಕಿಂತ ತೆಳು.

10. ಹೊಳಪು

ಉಜ್ಜಿದ ಜಾಗ ಮಂಕಾಗಿರುತ್ತದೆ. ಮೈಕ್ರೋಫೈಬರ್ ಬಟ್ಟೆಗೆ ಪಾಲಿಶಿಂಗ್ ಕಾಂಪೌಂಡ್ ಕಾಳಿನಷ್ಟು ಹಾಕಿ ಕೈಯಿಂದಲೇ ಉಜ್ಜಿ, ಹೊಳಪು ಮರಳುತ್ತದೆ. ಮೊದಲ ಸಲ ಮಾಡುವವರು ಇಷ್ಟು ಸಣ್ಣ ಜಾಗಕ್ಕೆ ಯಂತ್ರ ಹಿಡಿಯಬೇಡಿ, ಹೊಸ ಬಣ್ಣ ಬಿಸಿಯಾಗಿ ಎದ್ದುಬಿಡುತ್ತದೆ. ವ್ಯಾಕ್ಸನ್ನು ಒಂದು ತಿಂಗಳು ಬಿಟ್ಟು ಹಚ್ಚಿ. ಅದುವರೆಗೂ ಬಣ್ಣದೊಳಗಿನ ಆವಿ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತಿರುತ್ತದೆ, ಅದಕ್ಕೆ ದಾರಿ ಇರಲಿ.

ಹಿಂದೆ ಹಚ್ಚಿದ್ದು ಕೆಟ್ಟು ಕೂತಿದ್ದರೆ

ಎರಡನೇ ಪ್ರಶ್ನೆ ಕೇಳಿದವರಿಗೆ ಈ ಮಾತು. ಉಬ್ಬಾಗಿ ನಿಂತಿರುವ ಹಳೆಯ ಟಚ್‌ಅಪ್ ಕೆಳಗೆ ತುಕ್ಕಿಲ್ಲದೆ ಗಟ್ಟಿಯಾಗಿದ್ದರೆ ಅದನ್ನು ಕೀಳಬೇಕಿಲ್ಲ. ನೇರವಾಗಿ ಒಂಬತ್ತನೇ ಹಂತಕ್ಕೆ ಬಂದು ಮಟ್ಟ ಮಾಡಿ. ಬಣ್ಣ ಸವೆದು ಕೆಳಗಿನದು ಕಂಡರೆ ಆರನೇ ಹಂತದಿಂದ ತೆಳ್ಳಗೆ ಮತ್ತೆ ತುಂಬಿ. ಉಗುರಿನಲ್ಲಿ ಮೀಟಿದರೆ ಅಲುಗುವಂತಿದ್ದರೆ ಹಲ್ಲುಕಡ್ಡಿಯಿಂದ ಎತ್ತಿ ತೆಗೆದು ಮೊದಲಿಂದ ಶುರುಮಾಡುವುದೇ ಸರಿ. ತಿನ್ನರ್ ಸುರಿದು ಕರಗಿಸಲು ಹೋಗಬೇಡಿ. ಸುತ್ತಲಿನ ಹೊಳಪನ್ನು ಅದು ಮಂಕು ಮಾಡುತ್ತದೆ, ಬಂಪರ್‌ನ ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ನೇಲ್ ಪಾಲಿಶ್, ಮಾರ್ಕರ್ ಪೆನ್, ಟೂತ್‌ಪೇಸ್ಟ್ ಬಗ್ಗೆ ಕೇಳುವವರೂ ಇದ್ದಾರೆ. ಪಾರದರ್ಶಕ ನೇಲ್ ಪಾಲಿಶ್ ಸರಿಯಾದ ಬಣ್ಣ ಸಿಗುವವರೆಗೆ ಕೆಲವು ದಿನ ನೀರು ತಡೆಯಬಲ್ಲದು, ಅಷ್ಟೇ. ಬಿಸಿಲಿಗೆ ಹಳದಿಯಾಗಿ ಏಳುತ್ತದೆ, ನಿಜವಾದ ರಿಪೇರಿ ಮಾಡುವಾಗ ಅದನ್ನು ಪೂರ್ತಿ ತೆಗೆಯುವುದೇ ಒಂದು ಕೆಲಸ. ಮಾರ್ಕರ್ ಶಾಯಿ ತುಕ್ಕನ್ನು ತಡೆಯುವುದಿಲ್ಲ. ಟೂತ್‌ಪೇಸ್ಟ್ ಗೀರನ್ನು ಉಜ್ಜಬಲ್ಲದೇ ಹೊರತು ಗುಳಿಯನ್ನು ತುಂಬಲಾರದು.

ಚಕ್ಕೆ ಕಂಡ ದಿನವೇ ಇಷ್ಟೆಲ್ಲ ಮಾಡಲು ಪುರುಸೊತ್ತಿಲ್ಲದಿದ್ದರೆ ಜಾಗವನ್ನು ಒರೆಸಿ ಒಣಗಿಸಿ ಒಂದು ಚೂರು ಮಾಸ್ಕಿಂಗ್ ಟೇಪನ್ನೋ ಪಾರದರ್ಶಕ ಟೇಪನ್ನೋ ಅಂಟಿಸಿಡಿ. ಮಳೆಗಾಲದಲ್ಲಿ ಬರಿ ತಗಡಿನ ಮೇಲೆ ಒಂದೆರಡು ದಿನದಲ್ಲೇ ಕಂದು ಬರುತ್ತದೆ. ಟೇಪನ್ನು ವಾರಕ್ಕಿಂತ ಹೆಚ್ಚು ಬಿಡಬೇಡಿ, ಅದರಡಿಯಲ್ಲೂ ತೇವ ಸೇರುತ್ತದೆ.

ಉಳಿದ ಬಣ್ಣ ಮುಂದಿನ ಸಲಕ್ಕೆ ಬೇಕಾಗುತ್ತದೆ. ಬಾಟಲಿಯ ಕತ್ತನ್ನು ಒರೆಸಿ ಮುಚ್ಚಳ ಬಿಗಿ ಮಾಡಿ. ಕತ್ತಿನಲ್ಲಿ ಬಣ್ಣ ಒಣಗಿದ್ದರೆ ಮುಚ್ಚಳ ಸರಿಯಾಗಿ ಕೂರದೆ ಒಳಗಿನದೆಲ್ಲ ಗಟ್ಟಿಯಾಗುತ್ತದೆ. ಬಾಟಲಿಯ ಮೇಲೆ ಕೋಡ್ ಮತ್ತು ತೆರೆದ ದಿನಾಂಕ ಬರೆದು, ಮಕ್ಕಳ ಕೈಗೆ ಸಿಗದ ತಂಪು ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ. ಕಾರಿನ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಇಡಬೇಡಿ, ಬಿಸಿಲಿಗೆ ನಿಂತ ಕಾರಿನೊಳಗಿನ ಶಾಖಕ್ಕೆ ಬಣ್ಣ ಕೆಡುತ್ತದೆ, ಆವಿಗೆ ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದೆ.